ತಲೆಯ ಬಟ್ಟಲು, ಮಂಡಿಯ ಬಟ್ಟಲು

ಭಾಗೀರಥಮ್ಮನವರು ಮಾತ್ರೆಗಳನ್ನು ತಮ್ಮ ಹಳೆಯ ಒಗ್ಗರಣೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಸಾಸಿವೆಯ ಬಟ್ಟಲು ತಲೆನೋವಿಗೆ, ಜೀರಿಗೆಯ ಬಟ್ಟಲು ಮಂಡಿನೋವಿಗೆ. ಒಂದು ದಿನ ಅವರಿಗೆ ತಲೆಯೂ ಸಿಡಿಯಿತು, ಮಂಡಿಯೂ ಹಿಡಿದುಕೊಂಡಿತು. ತಲೆಯ ಬಟ್ಟಲಲ್ಲಿ ಉಳಿದಿದ್ದ ಒಂದೇ ಒಂದು ಬಿಳಿ ಮಾತ್ರೆಯನ್ನೂ ಮಂಡಿಯ ಕೆಂಪು ಮಾತ್ರೆಯೊಂದನ್ನೂ ಅಂಗೈಗೆ ಹಾಕಿಕೊಂಡು ನೀರಿಗೆಂದು ಸಿಂಕಿನ ಹತ್ತಿರ ಹೋದರು.

ಅಂಗೈಯಲ್ಲಿ ಬಿಳಿ ಮಾತ್ರೆ ಕೇಳಿತು: “ಏನಯ್ಯಾ, ನಿನ್ನ ಕೆಲಸವೇನು?”

“ನೋವು ಇಳಿಸುವುದು. ಮಂಡಿಯ ಡಾಕ್ಟರು ಬರೆದುಕೊಟ್ಟ ಮಾತ್ರೆ ನಾನು. ಸ್ವಲ್ಪ ದೂರ ಸರಿ.”

“ಅತಿಯಾದರೆ ಏನು ಮಾಡುತ್ತೀಯೆ?”

“ಹೊಟ್ಟೆ ಸುಡುತ್ತೇನೆ. ಅದು ನನ್ನ ಗುಣ.”

“ನನ್ನದೂ ಅದೇ ಕೆಲಸ, ಅದೇ ಗುಣ. ನಾವಿಬ್ಬರೂ ಒಂದೇ ವರ್ಗದವರು. ಒಟ್ಟಿಗೆ ಇಳಿದರೆ ಈ ಅಮ್ಮನ ಹೊಟ್ಟೆಯಲ್ಲಿ ರಕ್ತ ಒಸರೀತು. ಒಬ್ಬರು ನಿಲ್ಲಬೇಕು.”

ಕೆಂಪು ಮಾತ್ರೆ ನಕ್ಕಿತು. “ಮೈಮೇಲೆ ಬಣ್ಣವಿಲ್ಲದವನು ನನಗೆ ದಾಯಾದಿಯೋ? ಬೇಕಾದರೆ ನೀನೇ ನಿಲ್ಲು.”

ಅಂಗೈ ಬಾಯಿಗೆ ಏರುವಷ್ಟರಲ್ಲಿ ಬಿಳಿ ಮಾತ್ರೆ ಬೆರಳ ಸಂದಿಯಿಂದ ಜಾರಿ, ಸಿಂಕಿನ ನೀರಿಗೆ ಬಿದ್ದು ಕರಗಿಹೋಯಿತು.

“ಹಾಳಾದ್ದು!” ಎಂದು ಬೈದು ಭಾಗೀರಥಮ್ಮನವರು ಕೆಂಪನ್ನಷ್ಟೇ ನುಂಗಿದರು. ಗಂಟೆಯೊಳಗೆ ಮಂಡಿ ಸಡಿಲವಾಯಿತು, ತಲೆನೋವೂ ಇರಲಿಲ್ಲ. ಅವರು ಹಣೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. “ಅಲ್ಲಾ, ಮಂಡಿಯ ಮಾತ್ರೆಗೆ ತಲೆಯ ದಾರಿ ಯಾರು ತೋರಿಸಿದರು?” ಎನ್ನುತ್ತ, ತಲೆಯ ಬಟ್ಟಲನ್ನು ಡಬ್ಬಿಯಿಂದ ತೆಗೆದು ತೊಳೆಯಲು ಹಾಕಿದರು.