ಗುರುವಾರದ ಪ್ರಶ್ನೆ

ಕಾವೇರಿ ದಡದ ಪುಟ್ಟ ಕ್ರೈಸ್ತ ಆಶ್ರಮ ಒಂದರಲ್ಲಿ ಚೌರಪ್ಪ ಸ್ವಾಮಿ ಎಂಬ ಹಿರಿಯ ಗುರುಗಳಿದ್ದರು. ಇನ್ನಾಸ ಅವರ ಶಿಷ್ಯ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಏಳು ವರ್ಷ ದೈವಶಾಸ್ತ್ರ ಓದಿ ಬಂದವನು. ದೇವರಿಲ್ಲ ಎನ್ನುವವರಿಗೆ ಏನು ಹೇಳಬೇಕು, ದೇವರಿದ್ದೂ ಕಷ್ಟ ಯಾಕೆ ಎನ್ನುವವರಿಗೆ ಏನು ಹೇಳಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು.

ಪ್ರತಿ ಗುರುವಾರ ಹೊಳೆಯಾಚೆಯ ಊರಿನಿಂದ ಕೆಂಪರಾಜು ಮೇಷ್ಟ್ರು ತೆಪ್ಪ ಹತ್ತಿ ಬರುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ದೇವರನ್ನು ನಂಬುವವರಲ್ಲ. ಆದರೂ ಬಂದು ಗುರುಗಳ ಎದುರು ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಒಳ್ಳೆಯ ಕೆಲಸ ಮುಗಿಸಿ ಬರುವವರ ಮೇಲೆ ಗೋಡೆ ಬಿತ್ತಲ್ಲ, ಆಗ ನಿಮ್ಮ ದೇವರು ಏನು ಮಾಡುತ್ತಿದ್ದ ಸ್ವಾಮಿ?”

“ನನಗೆ ಗೊತ್ತಿಲ್ಲ ಮೇಷ್ಟ್ರೇ” ಎನ್ನುತ್ತಿದ್ದರು ಗುರುಗಳು.

ಮೇಷ್ಟ್ರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಆರು ವರ್ಷದಿಂದ ಹೀಗೇ ನಡೆದಿತ್ತು.

ಇನ್ನಾಸ ಆಶ್ರಮಕ್ಕೆ ಬಂದು ಮೂರು ತಿಂಗಳಾಗಿತ್ತಷ್ಟೆ. ಅಷ್ಟರಲ್ಲೇ ಅವನಿಗೆ ಇದು ಸಹಿಸಲಾಗದಾಯಿತು. ಇಷ್ಟು ಓದಿದ ಗುರುಗಳು ಒಬ್ಬ ನಾಸ್ತಿಕನ ಮುಂದೆ ಗೊತ್ತಿಲ್ಲ ಎನ್ನುವುದೇ?

ಒಂದು ಗುರುವಾರ ಗುರುಗಳಿಗೆ ಜ್ವರ. ಇನ್ನಾಸನೇ ಮೇಷ್ಟ್ರನ್ನು ಕೂರಿಸಿಕೊಂಡ.

“ನೀವು ವಿಜ್ಞಾನದ ಮೇಷ್ಟ್ರು. ಗೋಡೆ ಯಾಕೆ ನಿಲ್ಲುತ್ತದೆ ಹೇಳಿ.”

“ಭಾರದಿಂದ. ಭೂಮಿಯ ಸೆಳೆತದಿಂದ.”

“ಯಾಕೆ ಬೀಳುತ್ತದೆ?”

“ಅದರಿಂದಲೇ.”

“ನಿಲ್ಲಿಸುವ ನಿಯಮವೇ ಬೀಳಿಸುತ್ತದೆ. ಒಳ್ಳೆಯವರು ಬಂದಾಗಲೆಲ್ಲ ದೇವರು ಆ ನಿಯಮವನ್ನು ತಡೆದು ಹಿಡಿದರೆ ಲೋಕದಲ್ಲಿ ನಿಯಮವೇ ಇರುವುದಿಲ್ಲ. ನಿಯಮವಿಲ್ಲದ ಲೋಕದಲ್ಲಿ ಮನುಷ್ಯ ಒಂದು ಹೆಜ್ಜೆ ಇಡಲಾರ, ಒಂದು ಒಳ್ಳೆಯ ಕೆಲಸ ಮಾಡಲಾರ. ಗೋಡೆ ಬಿದ್ದದ್ದು ದೇವರ ಕ್ರೌರ್ಯವಲ್ಲ, ಲೋಕ ಲೋಕವಾಗಿರುವುದಕ್ಕೆ ತೆರುವ ಬೆಲೆ.”

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಎಲ್ಲಾದರೂ ತಪ್ಪು ಸಿಗುತ್ತದೋ ಎಂದು ಹುಡುಕಿದರು. ಸಿಗಲಿಲ್ಲ.

“ಸರಿಯಾಗಿದೆ ಬ್ರದರ್” ಎಂದು ಹೇಳಿ ಎದ್ದರು.

ಇನ್ನಾಸ ಓಡಿಹೋಗಿ ಗುರುಗಳಿಗೆ ಎಲ್ಲವನ್ನೂ ಹೇಳಿದ. ಗುರುಗಳು ಕಂಬಳಿಯೊಳಗಿಂದಲೇ ಕೇಳಿದರು.

“ಮನೆಗೆ ಹೋಗಿ ಹೇಳುತ್ತೇನೆ ಅಂದರೇ ಮೇಷ್ಟ್ರು?”

“ಯಾರಿಗೆ ಸ್ವಾಮಿ?”

ಗುರುಗಳು ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡರು.

ಮುಂದಿನ ಗುರುವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ಗುರುವಾರವೂ ತೆಪ್ಪ ಬರಿದಾಗಿಯೇ ಬಂತು.

“ಸೋತ ನಾಚಿಕೆ ಇರಬೇಕು” ಎಂದ ಇನ್ನಾಸ.

“ಹೋಗಿ ನೋಡಿಕೊಂಡು ಬಾ” ಎಂದರು ಗುರುಗಳು.

ಇನ್ನಾಸ ಹೊಳೆ ದಾಟಿ, ಕೇಳಿಕೊಂಡು ಮೇಷ್ಟ್ರ ಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಹೆಂಗಸೊಬ್ಬರು ಮಲಗಿದ್ದರು. ಮೇಷ್ಟ್ರು ತಲೆಯ ಬಳಿ ಕೂತು ಅವರ ಕೂದಲು ಬಾಚುತ್ತಿದ್ದರು. ಗೋಡೆಯ ಮೇಲೆ ಶಿಲುಬೆ ಇತ್ತು.

“ನನ್ನ ಹೆಂಡತಿ, ಲೂರ್ದಮ್ಮ” ಎಂದರು ಮೇಷ್ಟ್ರು. “ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಒಂದು ಮಳೆಗಾಲ ಯಾರದೋ ಮನೆಯಲ್ಲಿ ಹೆರಿಗೆ ಮಾಡಿಸಿ ಬರುವಾಗ ಗೋಡೆ ಕುಸಿದು ಮೈಮೇಲೆ ಬಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಆರು ವರ್ಷವಾಯಿತು.”

ಇನ್ನಾಸ ಮೇಷ್ಟ್ರ ಗೋಡೆಯ ಮಾತನ್ನು ಬರೀ ಉದಾಹರಣೆ ಅಂದುಕೊಂಡಿದ್ದ.

“ಪ್ರಶ್ನೆ ಇವಳದು” ಎಂದರು ಮೇಷ್ಟ್ರು. “ದಿನಾ ಆ ಶಿಲುಬೆಯನ್ನು ನೋಡಿ ಕೇಳೋಳು. ಬೈಯೋಳು, ಅಳೋಳು, ಆಮೇಲೆ ನಗೋಳು. ನನಗೇನು ಗೊತ್ತು ಇದೆಲ್ಲ? ಗುರುವಾರ ಬಂದು ನಿಮ್ಮ ಸ್ವಾಮಿಯವರನ್ನು ಕೇಳುತ್ತಿದ್ದೆ. ಅವರಿಗೂ ಗೊತ್ತಿಲ್ಲವಂತೆ ಕಣೇ ಅಂತ ಬಂದು ಹೇಳಿದರೆ, ಹಂಗಾದರೆ ನಾನೇ ಕೇಳ್ತೀನಿ ಬಿಡಿ ಅಂತ ಮತ್ತೆ ಶುರು ಮಾಡೋಳು. ಈ ಸಲ ನಿಮ್ಮ ಉತ್ತರವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವತ್ತಿನಿಂದ ಶಿಲುಬೆಯ ಕಡೆ ತಿರುಗಿ ನೋಡಿಲ್ಲ.”

ಅವರ ದನಿ ಗಡುಸಾಯಿತು. “ನನಗಂತೂ ದೇವರಿಲ್ಲ. ಇವಳಿಗೆ ಇದ್ದ.”

ಲೂರ್ದಮ್ಮ ಇನ್ನಾಸನ ಕಡೆ ನೋಡಿದರು.

“ಬ್ರದರ್, ನೀವು ಹೇಳಿ ಕಳಿಸಿದ್ದು ನಿಜವಾ?”

“ನಿಜ ಅಮ್ಮ.”

“ನನಗೂ ಹಂಗೇ ಅನ್ನಿಸ್ತು. ಅದಕ್ಕೇ ಸುಮ್ಮನಾದೆ. ನಿಯಮದ ಪ್ರಕಾರ ಗೋಡೆ ಬಿತ್ತು, ನಾನು ಅಡ್ಡ ಇದ್ದೆ. ಇದರಲ್ಲಿ ಅವನ ಹತ್ತಿರ ಮಾತಾಡೋಕೆ ಏನಿದೆ?”

ಇನ್ನಾಸನಿಗೆ ಇನ್ನೂ ನಾಲ್ಕು ವಾದಗಳು ಗೊತ್ತಿದ್ದವು. ಆದರೆ ಅವನಿಗೇ ತಿಳಿಯದಂತೆ ಬೇರೆ ಮಾತು ಬಂತು.

“ಯೇಸುಸ್ವಾಮಿಯೂ ಕೇಳಿದರು ಅಮ್ಮ. ಶಿಲುಬೆಯ ಮೇಲೆ. ನನ್ನನ್ನು ಯಾಕೆ ಕೈಬಿಟ್ಟೆ ಅಂತ.”

“ಗೊತ್ತು. ಏನು ಉತ್ತರ ಬಂತು?”

ಇನ್ನಾಸ ಬೈಬಲಿನ ಶುಭಸಂದೇಶದ ಆ ಪುಟವನ್ನು ನೂರಾರು ಸಲ ಓದಿದ್ದ. ಅಲ್ಲಿ ಏನಿದೆ ಎಂದು ಈಗ ಹುಡುಕಿದ.

“ಬರಲಿಲ್ಲ ಅಮ್ಮ.”

“ಬರಲೇ ಇಲ್ಲವಾ?”

“ಇಲ್ಲ.”

“ಮೆಲ್ಲಗೆ ಕೇಳಿದರೇನೋ.”

“ಇಲ್ಲ. ಗಟ್ಟಿಯಾಗಿ ಕೂಗಿ ಕೇಳಿದರು ಅಂತ ಬರೆದಿದೆ.”

“ಅವನಿಗೆ ನಿಯಮ ಎಲ್ಲ ಗೊತ್ತಿತ್ತು ತಾನೇ?”

“ಗೊತ್ತಿತ್ತು.”

“ಆದರೂ ಕೇಳಿದ.”

“ಕೇಳಿದರು.”

“ರೀ” ಎಂದು ಅವರು ಗಂಡನನ್ನು ಕರೆದರು. “ದಿಂಬು ಕೊಟ್ಟು ಕೂರಿಸಿ. ಕೂರಿಸಿ, ಇಬ್ಬರೂ ಆಚೆ ಹೋಗಿ.”

ಗಂಡಸರಿಬ್ಬರೂ ಜಗಲಿಗೆ ಬಂದು ಕೂತರು. ಒಳಗಿನಿಂದ ದನಿ ಕೇಳಿಸಿತು. ಮೊದಲು ಸಣ್ಣಗೆ, ಬರುಬರುತ್ತಾ ಜೋರಾಗಿ.

“ಏನಪ್ಪಾ, ನಾನು ಮೂರು ವಾರ ಮಾತು ಬಿಟ್ಟರೆ ನೀನೂ ಸುಮ್ಮನೆ ಇದ್ದುಬಿಡೋದಾ?”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

“ಬೈತಿದ್ದಾಳೆ” ಎಂದರು.

ಇನ್ನಾಸ ಆಶ್ರಮಕ್ಕೆ ಮರಳಿದಾಗ ಗುರುಗಳು ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿದ. ತಾನು ಮಾಡಿದ ತಪ್ಪನ್ನೂ ಮುಚ್ಚಿಡಲಿಲ್ಲ. ಗುರುಗಳು ಕೇಳಿಸಿಕೊಳ್ಳುತ್ತಾ ಸಾಲಿನ ಕೊನೆಯವರೆಗೂ ನೀರು ಹಾಕಿದರು.

“ಸ್ವಾಮಿ, ನನ್ನ ವಾದದಲ್ಲಿ ಸುಳ್ಳಿರಲಿಲ್ಲ.”

“ಇರಲಿಲ್ಲ.”

“ನೀವೂ ಅದನ್ನು ಓದಿದ್ದೀರಿ.”

“ನಿನಗಿಂತ ಮೊದಲೇ ಓದಿದ್ದೇನೆ.”

“ಮತ್ತೆ ಆರು ವರ್ಷ ಯಾಕೆ ಉತ್ತರ ಕೊಡಲಿಲ್ಲ?”

ಗುರುಗಳು ಕೊಡವನ್ನು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು.

“ಆ ತಾಯಿ ಕೇಳುತ್ತಿದ್ದದ್ದು ನನ್ನನ್ನಲ್ಲವಲ್ಲ, ಇನ್ನಾಸ.”