ಕಲೆ ಕಂಡ್ರೆ ಬಿಡಬೇಡ

ಹೂಂ ಅನ್ನೋರು ಹತ್ತಿರ ಬನ್ನಿ. ಎದೆ ಗಟ್ಟಿ ಇಲ್ಲದೋರು ಗೋಡೆಗೆ ಒರಗಿಕೊಳ್ಳಿ. ಈ ಕತೆ ಎಷ್ಟು ಸಲ ಹೇಳಿದರೂ ನನಗೇ ಎದೆ ಢವಢವ ಅನ್ನುತ್ತೆ, ಕೇಳೋ ನಿಮ್ಮ ಗತಿ ಏನೋ ಗೊತ್ತಿಲ್ಲ.

ಮೈಸೂರಲ್ಲಿ ಒಂದು ಗ್ಯಾಲರಿ. ಹೆಸರು ಕೇಳಬೇಡಿ, ಹೇಳಲ್ಲ. ಅಲ್ಲಿ ಕಸ ಗುಡಿಸೋಳು ಚಿಕ್ಕತಾಯಮ್ಮ. ಗ್ಯಾಲರಿ ಹಿಂದುಗಡೆ ಅವಳಿಗೊಂದು ಕೋಣೆ ಕೊಟ್ಟಿದ್ದರು. ಕೋಣೆಯಲ್ಲಿ ಒಂದು ಒಲೆ, ಎರಡು ಚಾಪೆ, ಒಬ್ಬ ಮಗ. ಮಗನ ಹೆಸರು ಗುರುಮಲ್ಲ. ಹೆಸರಲ್ಲಿ ಗುರು ಇದ್ದಾನೆ, ಮಲ್ಲ ಇದ್ದಾನೆ, ತಲೆಯಲ್ಲಿ ಮಾತ್ರ ಯಾರೂ ಇಲ್ಲ. ವಯಸ್ಸು ಮೂವತ್ತು ದಾಟಿತ್ತು.

ಸೋಮಾರಿ ಅಲ್ಲ, ಮಾತು ಕೇಳದೋನೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಅದೇ ತಾಪತ್ರಯ. ಒಂದಿನ ಅವ್ವ, "ಅಕ್ಕೀಲಿರೋ ಕಲ್ಲು ಆರಿಸಿ ಒಲೆ ಮೇಲಿಡ್ಲಾ" ಅಂದಳು. ಆರಿಸಿದ. ಕಲ್ಲನ್ನು ಒಲೆ ಮೇಲಿಟ್ಟ, ಅಕ್ಕಿಯನ್ನು ಕೋಳಿಗೆ ಎರಚಿದ.

"ಬೆಂದದೇನ್ಲಾ?"

"ಇನ್ನೂ ಗಟ್ಟಿ ಅದೆ ಕಣವ್ವ!"

ಇಂಥ ಮಗ. ಇತ್ತ ಚಿಕ್ಕತಾಯಮ್ಮನ ಮಂಡಿ ಸವೆದು ಹೋಗಿತ್ತು, ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ಮ್ಯಾನೇಜರ್ ಶ್ರೀಕಂಠಯ್ಯ ಕರೆದು ಹೇಳಿದ: "ನೋಡಮ್ಮ, ಈ ತಿಂಗಳಿಗೆ ನಿನ್ನ ಕೆಲಸ ಮುಗೀತು. ಈಗ ಬರೋ ಪ್ರದರ್ಶನ ನಾಲ್ಕು ದಿನ. ನಾಲ್ಕೂ ದಿನ ನಿನ್ನ ಮಗ ಸರಿಯಾಗಿ ಕೆಲಸ ಮಾಡಿದ್ರೆ ಜಾಗ ಅವನಿಗೆ, ಕೋಣೆ ನಿಮಗೆ. ಇಲ್ಲಾಂದ್ರೆ ಕೋಣೆ ಬೀಗದ ಕೈ ನನ್ನ ಕೈಗೆ."

ಅವತ್ತಿಂದ ಚಿಕ್ಕತಾಯಮ್ಮ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಗಳಿಗೆಗೊಂದು ಸಲ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಪ್ರದರ್ಶನ ಯಾವುದು ಅಂತೀರಾ? 'ಮನಸ್ಸಿನ ಒಳಮನೆ'. ಮಾಡಿದೋರು ವೈಜಯಂತಿ ಮೇಡಂ. ಮನಸ್ಸು, ಧ್ಯಾನ, ಮೌನ, ಇವನ್ನೆಲ್ಲ ಕಣ್ಣಿಗೆ ಕಾಣೋ ಹಾಗೆ ಮಾಡಿಟ್ಟಿದ್ದರು. ಒಂದು ದೊಡ್ಡ ಹಾಲ್‌ನ ನೆಲದ ಮೇಲೆ ಒಣಗಿದ ಅರಳಿ ಎಲೆಗಳ ರಾಶಿ, ಅದು ಉದುರಿದ ಯೋಚನೆಗಳಂತೆ. ಇನ್ನೊಂದು ಕೋಣೆಯಲ್ಲಿ ಬರೀ ಚಾಪೆ, ಅಲ್ಲಿ ಕಣ್ಣು ಮುಚ್ಚಿ ಕೂರಬೇಕಂತೆ. ಕೊನೇ ಗೋಡೆಗೆ ಹದಿನೆಂಟು ಮೊಳದ ಬಿಳೀ ಬಟ್ಟೆ, ಅದರ ತುಂಬ ಕರೀ ಬೊಟ್ಟು. ಮೇಡಂ ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂತು, ಏಳುವಾಗ ದೀಪದ ಕಾಡಿಗೆಯಲ್ಲಿ ಬೆರಳು ಅದ್ದಿ ಒಂದು ಬೊಟ್ಟು ಇಡುತ್ತಿದ್ದರಂತೆ. ಹನ್ನೊಂದು ವರ್ಷ!

ಧ್ಯಾನದೋರು ಅಂದಮೇಲೆ ನೆಮ್ಮದಿಯಾಗಿರಬೇಕು ತಾನೆ? ಎಲ್ಲಿಯ ನೆಮ್ಮದಿ. ಆ ಬಟ್ಟೆಯದೇ ಅವರಿಗೆ ಜೀವಭಯ. "ಗಾಳಿ ಬರ್ತಿದೆ, ಕಿಟಕಿ ಮುಚ್ಚಿ!" "ಹಲ್ಲಿ ಬಂತು, ಓಡ್ಸಿ!" "ಯಾರ್ರೀ ಅಷ್ಟು ಹತ್ತಿರ ಹೋಗಿದ್ದು?" ಹೀಗೆ ಅತ್ತಿಂದಿತ್ತ, ಇತ್ತಿಂದತ್ತ. ಹಿಂದಿನ ಕೋಣೆಯಲ್ಲಿ ಚಿಕ್ಕತಾಯಮ್ಮ ನಡುಗೋದು, ಮುಂದಿನ ಹಾಲಲ್ಲಿ ಮೇಡಂ ನಡುಗೋದು.

ಮೊದಲನೇ ದಿನ. ಅವ್ವ ಮಗನ ಕೈಗೆ ಪೊರಕೆ ಕೊಟ್ಟು, "ನಮ್ಮ ಕೆಲಸ ಇಷ್ಟೇ ಕಣ್ಲಾ. ಕಸ ಕಂಡ್ರೆ ಗುಡ್ಸು, ಕಲೆ ಕಂಡ್ರೆ ಉಜ್ಜು. ಬಿಡಬೇಡ" ಅಂದಳು.

ಆಯ್ತವ್ವ ಅಂದ, ಹೋದ. ಹಾಲಿನ ನಡುಮಧ್ಯ ಎಲೆ ರಾಶಿ! ಗುಡಿಸಿದ. ಗುಡಿಸಿ ಬುಟ್ಟಿಗೆ ತುಂಬಿದ. ತುಂಬಿ ಬೇಲಿಯಾಚೆ ಸುರಿದ. ಸುರಿದು, ಅಲ್ಲೇ ಒಂದು ಕಡ್ಡಿ ಗೀರಿದ.

ಶ್ರೀಕಂಠಯ್ಯ ಓಡಿ ಬಂದ. "ಅಯ್ಯೋ ಮುಂಡೇದೆ! ಅದು ಕಸ ಅಲ್ವೋ! ಮೇಡಂ ಜೋಡ್ಸಿದ್ದು! ಕೇಳಿಸ್ಕೋ. ಇಲ್ಲಿ ನೆಲದ ಮೇಲೆ ಏನು ಬಿದ್ದಿದ್ರೂ ಮುಟ್ಟಬೇಡ. ಸುತ್ತ ಹಗ್ಗ ಕಟ್ಟು, ಯಾರನ್ನೂ ಹತ್ತಿರ ಬಿಡಬೇಡ, ಪಕ್ಕದಲ್ಲಿ ಸುಮ್ಮನೆ ಕೈ ಕಟ್ಕೊಂಡು ನಿಂತ್ಕೋ!"

ಚಿಕ್ಕತಾಯಮ್ಮ ಮಂಡಿ ಎಳೆದುಕೊಂಡು ಬೀದಿ ಬೀದಿ ಅಲೆದು, ಅರಳಿಕಟ್ಟೆ ಹುಡುಕಿ, ಮಡಿಲು ತುಂಬ ಎಲೆ ತಂದು ಸುರಿದಳು. ಹೇಗೋ ಮೊದಲನೇ ದಿನ ದಾಟಿತು.

ಎರಡನೇ ದಿನ. ಪಿಂಚಣಿ ಪಡೆಯೋ ಮೇಷ್ಟ್ರೊಬ್ಬರು ಪ್ರದರ್ಶನ ನೋಡೋಕೆ ಬಂದರು. ಬೆಳಿಗ್ಗೆಯಿಂದ ಉಪವಾಸ ಇದ್ದರೋ ಏನೋ, ಮಂಕು ಬೆಳಕಲ್ಲಿ ತಲೆ ಸುತ್ತಿ ದೊಪ್ಪನೆ ಬಿದ್ದರು. ಬಿದ್ದೋರು ಅಲ್ಲಾಡಲಿಲ್ಲ.

ಗುರುಮಲ್ಲ ನೋಡಿದ. ನೆಲದ ಮೇಲೆ ಬಿದ್ದದೆ. ಮುಟ್ಟಲಿಲ್ಲ. ಸುತ್ತ ನಾಲ್ಕು ಕಂಬ ಇಟ್ಟ, ಹಗ್ಗ ಕಟ್ಟಿದ, ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತ.

ಜನ ಬಂದರು, ಸುತ್ತ ನೆರೆದರು.

"ಓಹೋ, ಎಷ್ಟು ಸಹಜವಾಗಿದೆ!"

"ಮುಖದಲ್ಲಿ ಎಂಥಾ ಶಾಂತಿ ನೋಡ್ರಿ! ಇದು ಸಮಾಧಿ ಸ್ಥಿತಿ ಇರಬೇಕು."

ಒಬ್ಬ ಫೋಟೋ ತೆಗೆದ. ಒಬ್ಬಳು ಕೈ ಮುಗಿದಳು. ಡಾಕ್ಟರೊಬ್ಬರು ಬಗ್ಗಿ ನೋಡೋಕೆ ಹೋದರೆ ಗುರುಮಲ್ಲ ಅಡ್ಡ ನಿಂತ: "ಹತ್ತಿರ ಹೋಗಂಗಿಲ್ಲ ಸ್ವಾಮಿ!"

ಇಪ್ಪತ್ತು ನಿಮಿಷ ಕಣ್ರಪ್ಪ! ಇಪ್ಪತ್ತು ನಿಮಿಷ ಆದಮೇಲೆ 'ಸಮಾಧಿ' ಬಾಯಿಬಿಟ್ಟು, "ನೀ... ನೀರು..." ಅಂತು. ಜನ ಕಿರುಚಿಕೊಂಡು ಹಿಂದಕ್ಕೆ ಸರಿದರು.

ಶ್ರೀಕಂಠಯ್ಯನ ಮುಖ ಬಿಳುಚಿಕೊಂಡಿತು. "ಜೀವ ಹೋಗಿದ್ರೆ ಯಾರೋ ಜವಾಬ್ದಾರಿ? ಮನುಷ್ಯ ಕಣ್ಣು ಮುಚ್ಕೊಂಡು ಅಲ್ಲಾಡದೆ ಇದ್ರೆ ಏನು ಮಾಡ್ಬೇಕೋ? ಮುಖಕ್ಕೆ ನೀರು ಹೊಡೀಬೇಕು! ಕೆನ್ನೆ ತಟ್ಟಬೇಕು! ಬಾಯಿಗೆ ಕಾಫಿ ಹುಯ್ಯಬೇಕು! ಗೊತ್ತಾಯ್ತಾ?"

"ಗೊತ್ತಾಯ್ತು ಸ್ವಾಮಿ. ನೀರು, ಕೆನ್ನೆ, ಕಾಫಿ."

ಗೊತ್ತಾಯ್ತು ಅಂದನಲ್ಲ, ನನಗೆ ಭಯ ಶುರುವಾಗೋದೇ ಅಲ್ಲಿಂದ.

ಮೂರನೇ ದಿನ ಗ್ಯಾಲರಿಯ ಅಧ್ಯಕ್ಷರು ಬಂದರು. ದೊಡ್ಡ ಮನುಷ್ಯರು, ಇಸ್ತ್ರಿ ಮಾಡಿದ ರೇಷ್ಮೆ ಜುಬ್ಬ. ಜೊತೆಗೆ ಹನ್ನೆರಡು ಜನ ಗಣ್ಯರು. ಎಲ್ಲರೂ ಚಾಪೆ ಕೋಣೆಗೆ ಹೋಗಿ ಸಾಲಾಗಿ ಕೂತು ಕಣ್ಣು ಮುಚ್ಚಿದರು. ಉಸಿರಾಟ ಬಿಟ್ಟರೆ ಸದ್ದಿಲ್ಲ.

ಗುರುಮಲ್ಲ ಬಾಗಿಲಲ್ಲಿ ಇಣುಕಿದ. ಹದಿಮೂರು ಜನ! ಕಣ್ಣು ಮುಚ್ಚಿದೆ! ಅಲ್ಲಾಡುತ್ತಿಲ್ಲ! ಓಡಿದ. ಎರಡು ಬಕೆಟ್ ನೀರು, ಒಂದು ಲೋಟ ಕಾಫಿ ತಂದ.

ಬುಳುಕ್! ಪಟಾರ್! "ಎದ್ದೇಳಿ ಸ್ವಾಮಿ!"

ಬುಳುಕ್! ಪಟಾರ್! "ಎದ್ದೇಳಿ ತಾಯಿ!"

ಅಧ್ಯಕ್ಷರು 'ಹಾ' ಅಂತ ಬಾಯಿ ತೆರೆದರು. ತೆರೆದ ಬಾಯಿಗೆ ಕಾಫಿ ಹುಯ್ದ. ಬಿಸಿ ಕಾಫಿ.

ಗೋಡೆಯಾಚೆ ಕಿವಿ ಕೊಟ್ಟು ಕೂತಿದ್ದ ಚಿಕ್ಕತಾಯಮ್ಮ ಮಂಡಿ ಎಳೆದುಕೊಂಡು ಬಂದು ಅಧ್ಯಕ್ಷರ ಕಾಲಿಗೆ ಬಿದ್ದಳು. "ತಪ್ಪಾಯ್ತು ಸ್ವಾಮಿ, ನಿಮ್ಮ ಹೊಟ್ಟೆಗೆ ಹಾಕ್ಕಳಿ!"

"ಹಾಕಿವ್ನಿ ಕಣವ್ವ" ಅಂದ ಗುರುಮಲ್ಲ. "ಅರ್ಧ ಲೋಟ ಒಳಗೆ ಹೋಯ್ತು, ಅರ್ಧ ಜುಬ್ಬಕ್ಕೆ."

ಅಧ್ಯಕ್ಷರು ಜುಬ್ಬ ಹಿಂಡುತ್ತಾ ಗುಡುಗಿದರು: "ನಿನ್ನ ಮುಖ ನೋಡಿ ಬಿಟ್ಟಿದ್ದೀನಮ್ಮ. ನಾಳೆ ಒಂದೇ ದಿನ. ನಾಳೆ ಒಂದು ತಪ್ಪಾದ್ರೂ ಕೋಣೆ ಖಾಲಿ!"

ಸಂಜೆ ಚಿಕ್ಕತಾಯಮ್ಮ ಮಗನ ಮುಂದೆ ಕೂತು ಅತ್ತಳು. ಬೈದು ಬೈದು ಸಾಕಾಗಿತ್ತು, ಅವಳ ಹತ್ತಿರ ಅಳು ಒಂದೇ ಉಳಿದಿತ್ತು. "ಮ್ಯಾನೇಜರ್ ಹೇಳಿದ್ದೆಲ್ಲ ಮರ್ತುಬುಡು ಮಗ. ಹಗ್ಗ ಬೇಡ, ನೀರು ಬೇಡ, ಕಾಫಿ ಬೇಡ. ನಾನು ಹೇಳಿದ್ದಷ್ಟೇ ಮಾಡು. ಕಸ ಕಂಡ್ರೆ ಗುಡ್ಸು, ಕಲೆ ಕಂಡ್ರೆ ಉಜ್ಜು."

"ಯಾವುದು ಏನು ಅಂತ ಗೊತ್ತಾಗಕಿಲ್ವಲ್ಲವ್ವ?"

"ಗೊತ್ತಾಗದಿದ್ರೆ ಬಾಯಿಬಿಟ್ಟು ಕೇಳ್ಲಾ! ಕೇಳಿ ಮಾಡಿದೋನು ಕೆಟ್ಟಿಲ್ಲ."

ಒಳ್ಳೇ ಬುದ್ಧಿವಾದ. ನೀವು ಹೇಳಿದ್ದರೂ ಇದನ್ನೇ ಹೇಳುತ್ತಿದ್ದಿರಿ. ಯಾರನ್ನ ಅಂತ ದೂರೋಣ?

ನಾಲ್ಕನೇ ದಿನ. ಮಧ್ಯಾಹ್ನ ಸಮಾರೋಪ, ಅಧ್ಯಕ್ಷರು ಬರೋರು. ಬೆಳಿಗ್ಗೆ ಗುರುಮಲ್ಲ ಒಂದೊಂದನ್ನೂ ಕೇಳಿ ಕೇಳಿ ಮಾಡಿದ. "ಇದು ಕಸಾನಾ?" "ಅಲ್ಲ." ಬಿಟ್ಟ. "ಇದು ಕಸಾನಾ?" "ಹೌದು." ಗುಡಿಸಿದ. ಶ್ರೀಕಂಠಯ್ಯನಿಗೇ ಆಶ್ಚರ್ಯ! ಕೊನೇ ಗೋಡೆಗೆ ಬಂದ. ವೈಜಯಂತಿ ಮೇಡಂ ಬಟ್ಟೆ ಮುಂದೆ ನಿಂತಿದ್ದರು.

"ಅಮ್ಮಾವ್ರೇ, ಗೊತ್ತಾಗದಿದ್ರೆ ಕೇಳು ಅಂದವ್ಳೆ ನಮ್ಮವ್ವ. ಇದೇನು?"

"ಇದು ಕಲೆ, ಗುರುಮಲ್ಲ."

"ಕಲೆಯಾ! ಇಷ್ಟೂ?"

"ಇಷ್ಟೂ ಕಲೆಯೇ. ಹನ್ನೊಂದು ವರ್ಷದ್ದು."

"ಹನ್ನೊಂದು ವರ್ಷ! ಯಾರೂ ಕೈ ಹಾಕ್ಲಿಲ್ವಾ?"

"ಯಾರು ಕೈ ಹಾಕ್ತಾರಪ್ಪ? ನಾನೊಬ್ಬಳೇ ಪಟ್ಟ ಕಷ್ಟ."

"ಎಲ್ಲಿಂದ ಬತ್ತದೆ ಅಮ್ಮಾವ್ರೇ ಇಂಥ ಕಲೆ?"

ಮೇಡಂ ಎದೆ ಮುಟ್ಟಿ ತೋರಿಸಿದರು. "ಎಲ್ಲಾ ಮನಸ್ಸಿಂದ."

ಗುರುಮಲ್ಲನ ಕರುಳು ಚುರ್ ಅಂತು. ಇಷ್ಟು ಓದಿದ ಹೆಣ್ಣುಮಗಳು, ಹನ್ನೊಂದು ವರ್ಷದಿಂದ ಒಬ್ಬಳೇ ಕಷ್ಟಪಟ್ಟರೂ ಹೋಗದ ಕಲೆ! ಮೇಡಂ ಗಣ್ಯರನ್ನು ಎದುರುಗೊಳ್ಳೋಕೆ ಗೇಟಿಗೆ ಹೋದರು. ಇವನು ಏಣಿ ತಂದ.

ಚಿಕ್ಕತಾಯಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಮನೆದೇವರನ್ನು ನೆನೆಯುತ್ತಿದ್ದಳು. ಹಿತ್ತಲಿಂದ ಸೋಡಾಪುಡಿ ನೀರು ಕುದಿಯೋ ವಾಸನೆ ಬಂತು, ಬಟ್ಟೆ ಒಗೆಯೋ ಸದ್ದು ಬಂತು. 'ಪರದೆ ಒಗೀತಾವ್ನೆ. ಸದ್ಯ, ಒಳ್ಳೇ ಕೆಲಸ ಹಿಡ್ದವ್ನೆ' ಅಂದುಕೊಂಡಳು. ನಾಲ್ಕು ದಿನದಲ್ಲಿ ಅವಳು ಉಸಿರು ಬಿಟ್ಟಿದ್ದು ಅದೇ ಮೊದಲು.

ಅಧ್ಯಕ್ಷರು ಬಂದರು, ಗಣ್ಯರು ಬಂದರು, ಕೊನೇ ಗೋಡೆಗೆ ಬಂದರು. ಗೋಡೆ ಇದೆ, ಎರಡು ಮೊಳೆ ಇದೆ, ಬಟ್ಟೆ ಇಲ್ಲ.

"ನನ್ನ ಬಟ್ಟೆ!" ಅಂತ ಮೇಡಂ ಚೀರಿದರು. ಮೇಡಂ ಓಡಿದರು, ಹಿಂದೆ ಶ್ರೀಕಂಠಯ್ಯ ಓಡಿದ, ಹಿಂದೆ ಅಧ್ಯಕ್ಷರು ಓಡಿದರು, ಎಲ್ಲರ ಹಿಂದೆ ಮಂಡಿ ಎಳೆದುಕೊಂಡು ಚಿಕ್ಕತಾಯಮ್ಮ. ಹಿತ್ತಲಲ್ಲಿ ನೋಡಿದರೆ ಹದಿನೆಂಟು ಮೊಳ ಬಟ್ಟೆ ಹಗ್ಗದ ಮೇಲೆ ಹಾರಾಡುತ್ತಿದೆ. ಹಾಲಿನ ಹಾಗೆ ಬೆಳ್ಳಗೆ! ಇನ್ನಷ್ಟು ಬಿಳುಪಾಗಲಿ ಅಂತ ಮೇಲಿಂದ ನೀಲಿ ಬೇರೆ ಹಾಕಿದ್ದ.

"ಒಂದು ಕಲೇನೂ ಇಲ್ಲ ಅಮ್ಮಾವ್ರೇ!" ಅಂದ ಗುರುಮಲ್ಲ. ಕೈಯೆಲ್ಲ ಸುಲಿದು ಹೋಗಿತ್ತು.

ಚಿಕ್ಕತಾಯಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮುಂದಕ್ಕೆ ಚಾಚಿದಳು. ಶ್ರೀಕಂಠಯ್ಯ ಅದನ್ನು ಇಸಿದುಕೊಂಡ.

ಮೇಡಂ ಒಗೆಯೋ ಕಲ್ಲಿನ ಮೇಲೆ ಕೂತು ಅತ್ತರು. ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಅತ್ತು ಸಾಕಾದ ಮೇಲೆ ಮೂಗು ಒರೆಸಿಕೊಂಡು ಆ ಬಟ್ಟೆಯನ್ನು ನೋಡಿದರು. ಗಾಳಿ ಬೀಸಿತು. ಕಿಟಕಿ ಮುಚ್ಚಿ ಅನ್ನಲಿಲ್ಲ. ಕಾಗೆ ಬಂದು ಹಗ್ಗದ ಮೇಲೆ ಕೂತಿತು. ಓಡಿಸಿ ಅನ್ನಲಿಲ್ಲ.

"ನೆಮ್ಮದಿ ಬೇಕು ಅಂತ ಧ್ಯಾನಕ್ಕೆ ಕೂತೋಳು ನಾನು" ಅಂದರು. "ಹನ್ನೊಂದು ವರ್ಷ ಈ ಬಟ್ಟೆ ಕಾಯ್ಕೊಂಡು ಕೂತಿದ್ದೆ. ಇನ್ನು ಕಾಯೋಕೆ ಏನಿಲ್ಲ. ತೊಳೆದಿದ್ದು ಒಳ್ಳೇದೇ ಆಯ್ತು ಕಣಪ್ಪ. ಅವಮ್ಮನ ಬೀಗದ ಕೈ ಕೊಡ್ರೀ."

"ಆದ್ರೆ ಮೇಡಂ..." ಅಂದರು ಅಧ್ಯಕ್ಷರು.

"ಬಟ್ಟೆ ನಂದು. ನನಗಿಲ್ಲದ ಸಿಟ್ಟು ನಿಮಗ್ಯಾಕೆ?"

ಗುರುಮಲ್ಲನಿಗೆ ಹುಟ್ಟಿದಾಗಿಂದ ಬೈಗುಳ ಬಿಟ್ಟು ಬೇರೆ ಗೊತ್ತಿಲ್ಲ. ಒಳ್ಳೇದಾಯ್ತು ಅಂತ ಕೇಳಿದ್ದು ಅದೇ ಮೊದಲು. ಆ ಮಾತು ಅವನ ತಲೆಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಅಧ್ಯಕ್ಷರು ಗಡಿಯಾರ ನೋಡಿದರು. "ಸರಿ. ಸಂಜೆ ರೈಲಿಗೆ ಕಾಶಿಗೆ ಹೋಗ್ತಿದ್ದೀನಿ. ಒಂದು ತಿಂಗಳು ನನಗೆ ಮೌನ. ಮಾತಿಲ್ಲ, ಫೋನಿಲ್ಲ, ಪೆನ್ನೂ ಮುಟ್ಟಲ್ಲ. ಬರೆಯೋದಾದ್ರೆ ಈಗಲೇ." ಮೇಡಂ ಚಿತ್ರ ಬರೆಯೋ ದಪ್ಪ ಕಾಗದ ಕೊಟ್ಟರು. ಗುರುಮಲ್ಲನಿಗೆ ಕೆಲಸ ಖಾಯಂ, ತಾಯಿಗೂ ಮಗನಿಗೂ ಕೋಣೆ, ಅಂತ ಅಧ್ಯಕ್ಷರು ಶಾಯಿ ಪೆನ್ನಲ್ಲಿ ಬರೆದು, ಕೆಳಗೆ ಉದ್ದಕ್ಕೆ ಸಹಿ ಎಳೆದರು.

ಶ್ರೀಕಂಠಯ್ಯ ಹಲ್ಲು ಕಿರಿದ. "ಆಹಾಹಾ! ಸಾರ್, ಇದು ಬರೀ ಸಹಿ ಅಲ್ಲ, ಕಲೆ! ಶುದ್ಧ ಕಲೆ!"

ಗುರುಮಲ್ಲ ಕಿವಿ ನಿಮಿರಿಸಿದ.

ಅಧ್ಯಕ್ಷರು ಕಾಗದವನ್ನು ಅವನ ಕೈಗಿಟ್ಟು, "ಈ ಕಾಗದ ಇಲ್ಲದೆ ಯಾರೂ ಕೋಣೇಲಿ ಇರೋ ಹಾಗಿಲ್ಲ. ಜೋಪಾನ!" ಅಂತ ಹೇಳಿ ಕಾರು ಹತ್ತಿದರು. ಚಿಕ್ಕತಾಯಮ್ಮ ಬೀಗದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು, ಮಗನ ತಲೆ ನೇವರಿಸಿದಳು, ಕೋಣೆಗೆ ಹೋಗಿ ಚಾಪೆ ಮೇಲೆ ಉರುಳಿದಳು. ನಾಲ್ಕು ದಿನದ ನಿದ್ದೆ ಒಟ್ಟಿಗೆ ಬಂತು.

ಎದ್ದಾಗ ಇಳಿಹೊತ್ತು. ಮಗ ಹಿತ್ತಲಲ್ಲಿ ನಗುತ್ತಾ ನಿಂತಿದ್ದ.

"ಮಗ, ಕಾಗದ ಎಲ್ಲಿ ಕಣ್ಲಾ?"

"ಒಣಗ್ತಾ ಅದೆ ಕಣವ್ವ."

ಚಿಕ್ಕತಾಯಮ್ಮ ಹಗ್ಗದ ಕಡೆ ನೋಡಿದಳು. ಹದಿನೆಂಟು ಮೊಳದ ಬಿಳೀ ಬಟ್ಟೆ. ಅದರ ಪಕ್ಕದಲ್ಲಿ ಗೇಣುದ್ದದ ಬಿಳೀ ಕಾಗದ.

"ಹುಷಾರಾಗಿ ಒಗ್ದಿವ್ನಿ, ಒಂಚೂರೂ ಹರೀಲಿಲ್ಲ" ಅಂದ ಗುರುಮಲ್ಲ. "ಮಿಕ್ಕಿದ್ದೆಲ್ಲ ಬೇಗ ಬಿಡ್ತು. ಆ ಸಹಿ ಒಂದು ಮಾತ್ರ, ಮ್ಯಾನೇಜರ್ರು ಹೇಳಿದ್ದು ನಿಜ ಕಣವ್ವ, ಶುದ್ಧ ಕಲೆ! ಎರಡು ಸಲ ಉಜ್ಜಬೇಕಾಯ್ತು!"

ದೂರದಲ್ಲಿ ರೈಲು ಕೂಗಿತು. ಕಾಗದ ಅಲ್ಲಿ ಒಣಗ್ತಾ ಇದೆ, ನಾವು ಇಲ್ಲಿ ನಡುಗ್ತಾ ಇದ್ದೀವಿ.