ಅಡ್ಡನಿಂತ ಓಣಿ

ಅರಳಿಕೋಟೆಯ ಒಳಕೋಟೆಯಲ್ಲಿ ಅಡ್ಡನಿಂತ ಓಣಿ ಎಂಬ ಓಣಿಯೊಂದಿದೆ. ಹೆಸರು ಕೇಳಿ ಬಂದವರು ಯಾವುದೋ ಸೊಟ್ಟಂಬಟ್ಟ ಓಣಿಯನ್ನು ಕಾಣುತ್ತೇವೆಂದುಕೊಂಡಿರುತ್ತಾರೆ; ಇದು ನೋಡಿದರೆ ದಾರ ಹಿಡಿದು ಗೆರೆ ಎಳೆದಷ್ಟು ನೆಟ್ಟಗಿದೆ. ಎರಡೂ ಬದಿಗೆ ಮಣ್ಣಿನ ಮಾಳಿಗೆ ಮನೆಗಳು, ಕಾಲ ಕೆಳಗೆ ಸವೆದ ಚಪ್ಪಡಿ ಕಲ್ಲು. ಈಚೆಗೆ ಈರಣ್ಣ ಬಳಿಗಾರ ಎಂಬವನು ಊರು ನೋಡಬಂದವರನ್ನು ಒಂದೊಂದೇ ಕುಟುಂಬವಾಗಿ ಕರೆತಂದು ಇಲ್ಲಿ ನಿಧಿ ಹುಡುಕುವ ಆಟ ಆಡಿಸುತ್ತಾನೆ. ಒಂದು ಮನೆಯಲ್ಲಿ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿಯ ರುಚಿ, ಜೊತೆಗೊಂದು ಒಗಟು. ಒಗಟು ಬಿಡಿಸಿದರೆ ಮುಂದಿನ ಮನೆ, ಅಲ್ಲಿ ಸಿಹಿ ಮಾದಲಿ. ಹೀಗೆ ತಿನ್ನುತ್ತ ಹುಡುಕುತ್ತ ಹೋದವರಿಗೆ ಕೊನೆಗೊಂದು ಹಿತ್ತಾಳೆ ಡಬ್ಬಿ ಸಿಗುತ್ತದೆ, ಅದರೊಳಗೆ ಶೇಂಗಾ ಉಂಡೆ. ಓಣಿಗೆ ಈ ಹೆಸರೇಕೆ ಬಂತೆಂದು ಯಾರಾದರೂ ಕೇಳಿದರೆ, ಹಿಂದೆ ಯಾವಾಗಲೋ ಎತ್ತಿನ ಗಾಡಿ ಅಡ್ಡ ನಿಂತಿತ್ತಂತೆ ಎಂದು ಈರಣ್ಣ ಹೇಳಿ ಮುಗಿಸಿಬಿಡುತ್ತಾನೆ. ಗಾಡಿಯೂ ಇಲ್ಲ, ಎತ್ತೂ ಇಲ್ಲ, ಎಲ್ಲ ಬುರುಡೆ. ಉಂಡೆ ತಿನ್ನುವ ಮಕ್ಕಳ ಮುಂದೆ ರಕ್ತದ ಮಾತೇಕೆ ಎಂದು ಅವನಿಗೆ ಅನ್ನಿಸಿದ್ದರೆ ಬೈಯುವಂತೆಯೂ ಇಲ್ಲ. ಆದರೆ ಈ ಆಟವನ್ನು ತಾನೇ ಹುಟ್ಟುಹಾಕಿದೆನೆಂದು ಅವನು ಹೇಳಿಕೊಂಡು ತಿರುಗುವುದನ್ನು ಮಾತ್ರ ಊರಿನ ಹಿರಿಯರು ಒಪ್ಪುವುದಿಲ್ಲ. ಆಟ ಹಳೆಯದು. ಅದನ್ನು ಕೊನೆಯ ಸಲ ಆಡಿಸಿದವಳು ಇದೇ ಓಣಿಯಲ್ಲಿ ಪ್ರಾಣ ಬಿಟ್ಟಳು ಎನ್ನುತ್ತಾರೆ.

ಹಿಂದೆ ಒಮ್ಮೆ ಅರಳಿಕೋಟೆಯನ್ನು ದೇಸಾಯಿಗಳ ಮನೆತನ ಆಳುತ್ತಿತ್ತು. ಪಂಚಮಿ ಹಬ್ಬದಲ್ಲಿ ದೇಸಾಯಿತಿ ತನ್ನ ಬೆಳ್ಳಿಯ ಬಟ್ಟಲನ್ನು ಒಳಕೋಟೆಯ ಯಾವುದೋ ಮೂಲೆಯಲ್ಲಿ ಬಚ್ಚಿಡಿಸುತ್ತಿದ್ದಳು. ಹುಡುಕಲು ಹೊರಟವರು ಮನೆ ಮನೆ ಹತ್ತಬೇಕು, ಕೊಟ್ಟದ್ದನ್ನು ಒಂದು ತುತ್ತಾದರೂ ತಿನ್ನಬೇಕು. ತಿಂದವರಿಗೆ ಮಾತ್ರ ಆ ಮನೆಯವರು ಮುಂದಿನ ಮನೆಯ ಸುಳಿವು ಹೇಳುವರು. ಇದಕ್ಕೆ ಬಟ್ಟಲಾಟ ಎಂದೇ ಹೆಸರು. ಆಡುವವರನ್ನು ಮುಂದೆ ನಿಂತು ಕರೆದೊಯ್ಯುವವಳು ನಿಂಬೆವ್ವ. ಮದುವೆ, ಬಸುರಿಗೆ ಮಾಡುವ ಕುಬಸ, ಸತ್ತವರ ದಿನಕಾರ್ಯ ಯಾವುದೇ ಇರಲಿ, ಮನೆ ಮನೆಗೆ ಹೋಗಿ ಊಟಕ್ಕೆ ಹೇಳಿ ಬರುವುದು ಅವಳ ಕೆಲಸ. ಹೀಗಾಗಿ ಅವಳು ಹೊಸಿಲಿಗೆ ಬಂದಳೆಂದರೆ ಎಂಥ ಸಿಡುಕಿನ ಅತ್ತೆಯೂ ಬಾ ತಂಗಿ ಎನ್ನುತ್ತಿದ್ದಳು. ಗಂಡ ಫಕೀರಪ್ಪ ಕೋಟೆಬಾಗಿಲು ಕಾಯುವವ. ಇದ್ದೊಬ್ಬ ಮಗಳು ಕಾಶವ್ವ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು, ದಿನ ತುಂಬಿದ್ದವು.

ಆ ವರ್ಷವೇ ದಳವಾಯಿ ಕೆಂಚಮಲ್ಲ ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕಾದು, ಒಂದು ಬೆಳಗಿನ ಜಾವ ಆನೆಗಳಿಂದ ಬಾಗಿಲು ಒಡೆಸಿದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಫಕೀರಪ್ಪ ಹಲಗೆಗಳ ನಡುವೆ ಸಿಕ್ಕಿ ಅಲ್ಲೇ ಜಜ್ಜಿಹೋದ. ಆಮೇಲೆ ನಡೆದದ್ದು ಯುದ್ಧವಲ್ಲ, ಕೊಲೆ. ಶರಣೆಂದು ಕೈ ಮುಗಿದವರ ಕೈಗಳನ್ನು ಮೊದಲು ಕಡಿದು, ಆಮೇಲೆ ತಲೆ ಹಾರಿಸಿದರು. ಕುಂಬಾರ ಓಣಿಯವರನ್ನು ಮನೆಯೊಳಗೇ ಕೂಡಿ ಬೆಂಕಿ ಇಟ್ಟರು. ನೇಕಾರ ಓಣಿಯ ಬಾವಿ ಹೆಣಗಳಿಂದ ತುಂಬಿ ನೀರು ಮೇಲೆ ಬಂತು. ದೇಸಾಯಿಯೆಂಬ ಪುಣ್ಯಾತ್ಮ ಇದ್ದಬದ್ದ ಹೊನ್ನನ್ನೆಲ್ಲ ಕತ್ತೆಗಳ ಮೇಲೆ ಹೇರಿಕೊಂಡು ವಾರದ ಹಿಂದೆಯೇ ಕಳ್ಳದಾರಿಯಿಂದ ಪಾರಾಗಿದ್ದ. ಅದು ಊರವರಿಗೂ ಗೊತ್ತಿರಲಿಲ್ಲ, ಕೆಂಚಮಲ್ಲನಿಗೂ ಗೊತ್ತಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಉಳಿದಿದ್ದುದು ಈ ಓಣಿಯೊಂದೇ.

ಗಂಡನ ಹೆಣವನ್ನು ನಿಂಬೆವ್ವ ನೆರೆಯವರ ಸಹಾಯದಿಂದ ಹೊತ್ತು ತಂದು ನಡುಮನೆಯಲ್ಲಿ ಮಲಗಿಸಿದ್ದಳು. ಹೆಣವಿರುವ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ಯಾರೂ ಬಾಯಿಗೆ ಹನಿ ನೀರು ಕೂಡ ಹಾಕುವಂತಿಲ್ಲ, ಹೆಣವನ್ನು ಒಂಟಿಯಾಗಿ ಬಿಡುವಂತೆಯೂ ಇಲ್ಲ. ಪಕ್ಕದ ಮನೆಗಾದರೂ ಹೋಗಿರು ಎಂದು ಮಗಳಿಗೆ ಹೇಳಿ ಹೇಳಿ ಸಾಕಾಯಿತು. ಅಪ್ಪನನ್ನು ಬಿಟ್ಟು ಏಳುವುದಿಲ್ಲವೆಂದು ಕಾಶವ್ವ ಹೊಟ್ಟೆ ಹಿಡಿದುಕೊಂಡು ಹೆಣದ ಮಗ್ಗುಲಲ್ಲೇ ಕುಳಿತಳು. ಅವಳಿಗೆ ಆಗಲೇ ಸಣ್ಣಗೆ ನೋವು ಶುರುವಾಗಿತ್ತು. ಹೊರಗೆ ಕುದುರೆಗಳ ಸದ್ದು ಓಣಿಯ ತುದಿಗೆ ಬಂತು. ಅಳುವುದಕ್ಕೂ ಪುರಸೊತ್ತು ಕೊಡಲಿಲ್ಲವಲ್ಲ ಎಂದು ನಿಂಬೆವ್ವನಿಗೆ ಸಿಟ್ಟು ಬಂತು. ಕಣ್ಣೊರೆಸಿ ಸೆರಗು ಬಿಗಿದು ಹೊರಬಿದ್ದಳು.

ಕೆಂಚಮಲ್ಲನ ಕಡೆಯವರಿಗೆ ಒಂದು ಆಣೆಯಿತ್ತು. ತಮ್ಮಲ್ಲಿ ಒಬ್ಬನಾದರೂ ಯಾರ ಮನೆಯ ಉಪ್ಪು ತಿಂದನೋ ಆ ಮನೆಯವರ ಮೇಲೆ ದಳವಾಯಿಯಾಗಲಿ ದಂಡಾಗಲಿ ಕತ್ತಿ ಎತ್ತಕೂಡದು. ಎತ್ತಿದವನನ್ನು ದಂಡೇ ತುಳಿದು ಕೊಲ್ಲಬೇಕು. ಬಸುರಿಯರನ್ನು ಸೀಳುವವರಿಗೆ ಇಂಥದೊಂದು ನೇಮವೇ ಎಂದು ಕೇಳಿದರೆ ಏನು ಹೇಳುವುದು, ಮನುಷ್ಯರು ಹಾಗೆಯೇ. ಹಿಂದೊಂದು ಮದುವೆಯಲ್ಲಿ ಅವರ ಕಡೆಯವರನ್ನು ಊಟಕ್ಕೆ ಎಬ್ಬಿಸಲು ಹೋದಾಗ ನಿಂಬೆವ್ವ ಇದನ್ನು ಕಣ್ಣಾರೆ ಕಂಡಿದ್ದಳು: ಜಗಳ ತೆಗೆಯಬೇಕೆಂದಿದ್ದ ಬೀಗರ ಮನೆಯಲ್ಲಿ ಅವರು ಉಪ್ಪಿನಕಾಯಿಯನ್ನೂ ಮುಟ್ಟಿರಲಿಲ್ಲ. ಈಗ ಅವಳು ನೇರವಾಗಿ ಕುದುರೆಯ ಮುಂದೆ ಹೋಗಿ ನಿಂತಳು. ದೇಸಾಯಿಯ ಹೊನ್ನು ಎಲ್ಲಿದೆಯೆಂದು ಕೆಂಚಮಲ್ಲ ಅವಳ ಕೊರಳಿಗೆ ಕತ್ತಿಯ ಮೊನೆ ಇಟ್ಟು ಕೇಳಿದ.

"ಬಟ್ಟಲಾಟದಾಗ ಇಟ್ಟಾರ್ರೀ ದಣಿ," ಎಂದಳು. "ಮನಿಗೊಂದು ಸುಳಿವು ಹೇಳಿಟ್ಟಾರ. ತುತ್ತು ತಿಂದವ್ರಿಗಷ್ಟ ಹೇಳ್ರಿ ಅಂತ ದೇಸಾಯಿತಿ ಎಲ್ಲಾರ ಕಡಿಂದ ಆಣಿ ಮಾಡಿಸ್ಯಾಳ. ಸಾಯ ಹೊಡದ್ರ ಸುಳಿವೂ ಅವ್ರ ಜೊತೀಗೇ ಸಾಯ್ತೈತಿ. ನಾ ನಿಮಗ ತೋರಸ್ಕೋಂತ ಹೊಕ್ಕೀನಿ, ನನ್ನ ಬೆನ್ನ ಹಿಂದ ಬರ್ರಿ."

ಬಟ್ಟಲಾಟದ ಸುದ್ದಿ ಸುತ್ತಿನ ಸೀಮೆಗೆಲ್ಲ ಗೊತ್ತಿದ್ದುದರಿಂದ ಕೆಂಚಮಲ್ಲ ನಂಬಿದ. ಹೊನ್ನಿನ ಆಸೆಗೆ ಬಾಯಿ ಬಿಟ್ಟವನಿಗೆ ಉಪ್ಪಿನ ನೆನಪು ಬರಲಿಲ್ಲವೆನ್ನುವಂತೆಯೂ ಇಲ್ಲ. ಅದು ಬಂತು; ಆದರೆ ಆಟದ ತುತ್ತು ಊಟದ ಲೆಕ್ಕಕ್ಕೆ ಬರುವುದಿಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನ ಹಿಂದೆ ನಿಶಾನೆ ಹಿಡಿದು ಬರುತ್ತಿದ್ದ ಹೊಳೆಯಪ್ಪನೆಂಬ ಮುದುಕ ಮಾತ್ರ ಎಲ್ಲವನ್ನೂ ನೋಡುತ್ತಿದ್ದ. ನಿಂಬೆವ್ವ ನೆಚ್ಚಿಕೊಂಡದ್ದು ದಳವಾಯಿಯನ್ನಲ್ಲ, ಹಿಂದಿದ್ದ ಆ ಕಣ್ಣುಗಳನ್ನು. ತನ್ನ ಮನೆಯಲ್ಲಿ ಮಾತ್ರ ತುತ್ತು ಕೊಡುವಂತಿರಲಿಲ್ಲ. ಅದಕ್ಕೇ ಅವಳು ಒಂದು ದಾರಿ ಹುಡುಕಿದ್ದಳು: ತನ್ನದೊಂದು ಮನೆ ಬಿಟ್ಟು ಓಣಿಯ ಎಲ್ಲ ಮನೆಗಳನ್ನು ಹತ್ತಿಸಿ, ಕೊನೆಯ ಸುಳಿವನ್ನು ಕೋಟೆಯ ಹೊರಗಿನ ಅಗಸರ ಹೊಂಡಕ್ಕೆ ತೋರಿಸುವುದು. ಇವರು ಹೊಂಡದ ಕೆಸರು ಕದಡುತ್ತಿರುವಾಗ ಮಗಳನ್ನು ಹೊತ್ತಾದರೂ ಆಚೆ ಸಾಗಿಸಬಹುದು.

ಮೊದಲ ಮನೆ ಗಾಣಿಗರ ದ್ಯಾವಪ್ಪನದು. ನಿಂಬೆವ್ವ ಹೊರಗಿನಿಂದಲೇ ಬಟ್ಟಲಾಟದವರು ಬಂದಾರ ಎಂದು ಕೂಗಿದಳು. ಪಂಚಮಿಯಲ್ಲದ ದಿನ, ಊರು ಉರಿಯುತ್ತಿರುವಾಗ ಎಂಥ ಬಟ್ಟಲಾಟ ಎಂದು ದ್ಯಾವಪ್ಪನಿಗೆ ತಿಳಿಯಲಿಲ್ಲ. ಕದ ತೆಗೆದವನು ರೊಟ್ಟಿಯ ಬುಟ್ಟಿಯನ್ನು ಎದೆಗವಚಿಕೊಂಡು, ಮಕ್ಕಳಿಗೆ ಇರುವುದು ಇಷ್ಟೇ ಎಂದ. ಕೆಂಚಮಲ್ಲನ ಒಂದೇ ಏಟಿಗೆ ದ್ಯಾವಪ್ಪನ ಬಲಗೈ ಮಣಿಕಟ್ಟಿನಲ್ಲಿ ಕಡಿದು ಬುಟ್ಟಿಯೊಳಗೇ ಬಿತ್ತು. ದ್ಯಾವಪ್ಪನ ಹೆಂಡತಿ ಚೀರಿ ಗಂಡನನ್ನು ತಬ್ಬಿಕೊಂಡಳು. ನಿಂಬೆವ್ವ ದ್ಯಾವಪ್ಪನ ಕಡೆ ತಿರುಗಿ ನೋಡಲಿಲ್ಲ. ಬುಟ್ಟಿಯ ತಳದಿಂದ ರಕ್ತ ತಾಗದ ರೊಟ್ಟಿಯೊಂದನ್ನು ಎಳೆದು, ಅದರ ಮೇಲೆ ಉಪ್ಪು ಖಾರ ಕೂಡಿಸಿ ಕುಟ್ಟಿದ ಚಟ್ನಿ ಸವರಿ, ವಿಷವಿಲ್ಲವೆಂದು ತೋರಿಸಲು ಮೊದಲು ತಾನೊಂದು ಚೂರು ತಿಂದು, ಕೆಂಚಮಲ್ಲನ ಕೈಗಿಟ್ಟಳು. ಹೆಣವಿಟ್ಟುಕೊಂಡವಳು ಬಾಯಿಗೆ ತುತ್ತಿಟ್ಟಳಲ್ಲ ಎಂದು ಅವಳ ಜೀವವೇ ಅವಳನ್ನು ಹಳಿಯಿತು.

"ಊರ ಮಾರಿದಿ," ಎಂದ ದ್ಯಾವಪ್ಪ ಹಲ್ಲು ಕಚ್ಚಿಕೊಂಡು. "ನಿನ್ನ ಮನಿ ಹಾಳಾಗ್ಲಿ ನಿಂಬೆವ್ವ."

ಉತ್ತರ ಕೊಟ್ಟರೆ ಗುಟ್ಟು ಹೊರಬೀಳುತ್ತಿತ್ತು. ಅವಳು ಮುಂದಿನ ಮನೆಗೆ ನಡೆದಳು. ಅಲ್ಲಿ ಹುಳಿ ಮಜ್ಜಿಗೆ, ಆಚೆ ಮನೆಯಲ್ಲಿ ತಣ್ಣನೆಯ ಝುಣಕ, ಅದರಾಚೆ ಮುದುಕಿಯೊಬ್ಬಳು ಕೊಟ್ಟ ಪುಂಡಿಪಲ್ಯ. ಮುತ್ತಿಗೆಯಲ್ಲಿ ಬರಿದಾದ ಗಡಿಗೆಗಳನ್ನು ಕೆರೆದು ಜನ ಕೊಟ್ಟರು. ಎಲ್ಲಿ ಉಪ್ಪು ಸಾಲದೆನಿಸಿತೋ ಅಲ್ಲಿ ನಿಂಬೆವ್ವ ತಾನೇ ಹರಳು ಹರಳಾಗಿ ಉದುರಿಸಿದಳು. ತಡ ಮಾಡಿದವರಿಗೆ ಭರ್ಜಿಯ ಹಿಡಿಯಿಂದ ಏಟು ಬಿದ್ದವು, ಒಬ್ಬನ ದವಡೆ ಮುರಿಯಿತು. ಬಡಿಸುವ ನೆಪದಲ್ಲಿ ಕಿವಿಯಲ್ಲಿ ಅವಳೇ ಊದಿದ ಸುಳಿವನ್ನು ಮನೆಯವರು ಗಿಳಿಯಂತೆ ಒಪ್ಪಿಸಿದರು, ಅವಳು ದಾಟಿದ ಮೇಲೆ ಹೊಸಿಲಿನ ಮೇಲೆ ಉಗುಳಿದರು. ನಿನ್ನೆಯವರೆಗೆ ಬಾ ತಂಗಿ ಎಂದವರು ಇಂದು ಅವಳ ನೆರಳಿಗೂ ಹೇಸಿದರು. ಉಗುಳಲಿ, ಬದುಕಿ ಉಗುಳಲಿ ಎಂದು ಅವಳು ಮನಸ್ಸನ್ನು ಕಲ್ಲು ಮಾಡಿಕೊಂಡಳು.

ಕೊನೆಯ ಮನೆಯಲ್ಲಿ ಅಗಸರ ಹೊಂಡದ ಸುಳಿವು ಸಿಕ್ಕಿತು. ಕೆಂಚಮಲ್ಲ ಕುದುರೆಯನ್ನು ಹಿಂದಕ್ಕೆ ತಿರುಗಿಸಿದ. ಇನ್ನೇನು ಓಣಿ ದಾಟಬೇಕು, ಅಷ್ಟರಲ್ಲಿ ಮುಚ್ಚಿದ ಕದವೊಂದರ ಮುಂದೆ ಲಗಾಮು ಎಳೆದು ನಿಂತ. ಈ ಮನೆಗೇಕೆ ಕರೆಯಲಿಲ್ಲವೆಂದು ಕೇಳಿದ.

"ಒಳಗ ಹೆಣ ಐತ್ರಿ. ಒಲಿ ಹಚ್ಚಿಲ್ಲ," ಎಂದಳು ನಿಂಬೆವ್ವ.

ಕೆಂಚಮಲ್ಲ ನಕ್ಕ. ಊರೆಲ್ಲ ಹತ್ತಿಸಿ ಒಂದು ಮನೆ ಬಿಟ್ಟಳೆಂದರೆ ಹೊನ್ನು ಅಲ್ಲೇ ಇದೆ, ಹೆಣದ ಕೆಳಗೆ ಹುಗಿದಿದ್ದಾರೆ ಎಂಬುದು ಅವನ ತರ್ಕ. ನಿಧಿ ಹುಡುಕುವವನ ಬುದ್ಧಿ ಓಡುವುದೇ ಹಾಗೆ. ಒಳಗಿದ್ದವರನ್ನು ಕಡಿದು ನೆಲ ಅಗೆಯಿರೆಂದು ಅಪ್ಪಣೆ ಕೊಟ್ಟ. ಅದೇ ಗಳಿಗೆಗೆ ಒಳಗಿನಿಂದ ಕಾಶವ್ವನ ನರಳಾಟ ಕೇಳಿಸಿತು. ನಿಂಬೆವ್ವ ಓಡಿಹೋಗಿ ಎರಡೂ ಬಾಗಿಲತೋಳುಗಳನ್ನು ಹಿಡಿದು ಹೊಸಿಲ ಮೇಲೆ ನಿಂತುಬಿಟ್ಟಳು. ಒಳಗಿರುವುದು ತನ್ನ ಮಗಳು, ಹೊನ್ನೂ ಇಲ್ಲ ಗಿನ್ನೂ ಇಲ್ಲ, ದೇಸಾಯಿ ಎಲ್ಲಿಟ್ಟನೋ ತನಗೆ ಗೊತ್ತೇ ಇಲ್ಲ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. ಹಾಗಾದರೆ ಇಷ್ಟು ಹೊತ್ತು ಮಾಡಿಸಿದ್ದೇನು ಎಂದು ದಳವಾಯಿ ಗುಡುಗಿದ. ಓಣಿಗೆ ಓಣಿಯನ್ನೇ ಸವರಿಹಾಕಿ ಎಂದು ದಂಡಿಗೆ ಕೂಗಿದ. ಯಾರೂ ಕದಲಲಿಲ್ಲ. ಹೊಳೆಯಪ್ಪ ನಿಶಾನೆಯ ಕೋಲನ್ನು ನೆಲಕ್ಕೆ ಊರಿದ.

"ಆಗೂದಿಲ್ಲ ದಳವಾಯಿ," ಎಂದ ಆ ಮುದುಕ. "ಇದೊಂದ ಮನಿ ಬಿಟ್ಟು ಓಣ್ಯಾಗಿನ ಎಲ್ಲಾ ಮನಿ ಉಪ್ಪು ತಿಂದೀರಿ. ಈ ಹೆಣ್ಣಮಗಳು ಅದಕ್ಕ ನಿಮ್ಮನ್ನ ತಿರುಗಿಸ್ಯಾಳ. ನಾವು ನೋಡೀವಿ."

ಕದಗಳ ಸಂದಿಯಲ್ಲಿ ಕಿವಿಯಿಟ್ಟಿದ್ದವರಿಗೆಲ್ಲ ಆ ಮಾತು ಕೇಳಿಸಿತು. ಕೆಂಚಮಲ್ಲನ ಮುಖ ಕಪ್ಪಿಟ್ಟಿತು. ಉಪ್ಪು ತಿನ್ನದ ಮನೆಯ ಹೆಂಗಸು ಎದುರಿಗೇ ನಿಂತಿದ್ದಳು. ಅವಳನ್ನು ಕಡಿಯಲು ಯಾವ ಆಣೆಯ ಅಡ್ಡಿಯೂ ಇರಲಿಲ್ಲ. ಕುದುರೆಯಿಂದ ಇಳಿದು ಮೊದಲ ಏಟನ್ನು ಅವಳ ಭುಜಕ್ಕೆ ಹಾಕಿದ. ಅವಳು ಬಾಗಿಲತೋಳು ಬಿಡಲಿಲ್ಲ. ಎರಡನೆಯ ಏಟು ಪಕ್ಕೆಯನ್ನು ಸೀಳಿತು. ಕರುಳು ಹೊರಬಂದರೂ ಅವಳು ಕೆಳಗೆ ಬೀಳದೆ ಕದಕ್ಕೆ ಒರಗಿ ಕುಳಿತಳು, ದೇಹದ ಭಾರದಿಂದಲಾದರೂ ಕದ ಮುಚ್ಚಿರಲಿ ಎಂಬಂತೆ. ಒಳಗಿನಿಂದ ಮಗಳು ಯವ್ವಾ ಯವ್ವಾ ಎಂದು ಕದ ಬಡಿಯುತ್ತಿದ್ದಳು. ತೆಗೀಬ್ಯಾಡ ಎಂದಷ್ಟೇ ಹೇಳಿ ನಿಂಬೆವ್ವ ಕತ್ತು ಚೆಲ್ಲಿದಳು.

ಅವಳ ಹೆಣವನ್ನು ಕಾಲಿನಿಂದ ಸರಿಸಲು ಕೆಂಚಮಲ್ಲ ಮುಂದಾದಾಗ ನಡುವೆ ಒಬ್ಬ ಬಂದು ನಿಂತ. ಗಾಣಿಗರ ದ್ಯಾವಪ್ಪ. ಮೊಂಡುಗೈಗೆ ಸುತ್ತಿದ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಮುಖ ಸುಣ್ಣದಂತಾಗಿತ್ತು. ಹಾಳಾಗಲಿ ಎಂದು ಶಪಿಸಿದ ಮನೆಗೆ ಅವನು ಎದೆ ಕೊಟ್ಟು ನಿಂತ.

"ನನ್ನ ಮನಿ ರೊಟ್ಟಿ ತಿಂದೀಯಲ್ಲ," ಎಂದ. "ಈಗ ಕಡಿ ನೋಡೂಣು."

ಅವನ ಹಿಂದೆ ಅವನ ಹೆಂಡತಿ ಬಂದಳು. ಪುಂಡಿಪಲ್ಯ ಕೊಟ್ಟ ಮುದುಕಿ ಕೋಲೂರಿಕೊಂಡು ಬಂದಳು, ದವಡೆ ಮುರಿದವನು ಬಾಯಿ ಹಿಡಿದುಕೊಂಡು ಬಂದ. ಒಂದೊಂದೇ ಕದ ತೆರೆಯಿತು. ಹೆಂಗಸರು, ಗಂಡಸರು, ಕಂಕುಳ ಕೂಸುಗಳು, ಉಪ್ಪು ತಿನ್ನಿಸಿದ ಎಲ್ಲ ಮನೆಗಳ ಜನ ಬಂದು, ಉಪ್ಪು ತಿನ್ನಿಸಲಾಗದ ಆ ಒಂದು ಮನೆಗೆ ಅಡ್ಡ ನಿಂತರು. ಕೆಂಚಮಲ್ಲ ಕತ್ತಿ ಎತ್ತಿದ. ಅವನದೇ ದಂಡಿನ ಭರ್ಜಿಗಳು ಮೆಲ್ಲಗೆ ಅವನ ಬೆನ್ನಿನ ಕಡೆಗೆ ತಿರುಗಿದವು. ಎತ್ತಿದ ಕೈಯನ್ನು ಅವನು ಇಳಿಸಲೇಬೇಕಾಯಿತು. ಬೈಯುತ್ತ ಕುದುರೆ ಹತ್ತಿದವನು, ಅಷ್ಟಾದರೂ ಆಸೆ ಬಿಡದೆ ಅಗಸರ ಹೊಂಡವನ್ನು ಬಗ್ಗಡ ಮಾಡಿ ಹೋದನೆನ್ನುತ್ತಾರೆ. ಹೊತ್ತು ಇಳಿಯುವಾಗ ಕಾಶವ್ವನಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿನ ಅಳು ಕೇಳಿದ ಮೇಲೆಯೇ ಓಣಿಯವರು ಬಾಗಿಲು ಬಿಟ್ಟು ಸರಿದು, ಗಂಡಹೆಂಡತಿ ಇಬ್ಬರ ಹೆಣಗಳನ್ನೂ ಹೊತ್ತರು. ದ್ಯಾವಪ್ಪ ಉಳಿದ ಒಂದು ಕೈಯಲ್ಲಿ ಹಿಡಿದು ನಿಂಬೆವ್ವನ ಚಟ್ಟಕ್ಕೆ ಹೆಗಲು ಕೊಟ್ಟ, ದಾರಿಯುದ್ದಕ್ಕೂ ಅತ್ತ. ಅಡ್ಡನಿಂತ ಓಣಿ ಎಂಬ ಹೆಸರು ಅಂದಿನಿಂದ ಬಂತು.

ನಿಂಬೆವ್ವನಿಗೆ ಗುಡಿಯಿಲ್ಲ, ಕಲ್ಲಿಲ್ಲ. ಆದರೆ ಓಣಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಾಣುತ್ತದೆ. ಬೇರೆ ಊರುಗಳಲ್ಲಿ ಮನೆ ಮನೆಯ ಮುಂದೆ ಕೂರುವ ಕಟ್ಟೆಯಿರುತ್ತದೆ. ಇಲ್ಲಿ ಯಾರ ಮನೆಯ ಮುಂದೆಯೂ ಇಲ್ಲ. ಎಲ್ಲರ ಕಟ್ಟೆಗಳೂ ಒಂದೇ ಒಂದು ಮನೆಯ ಬಾಗಿಲ ಎದುರಿಗೆ ಒತ್ತೊತ್ತಾಗಿ ಸಾಲುಗಟ್ಟಿವೆ. ಮನೆಯವರು ಒಳಹೋಗಲು ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದಿ ಇದೆ, ಅಷ್ಟೇ. ಸಂಜೆಯಾದರೆ ಓಣಿಯ ಹಿರಿಯರು ಬಂದು ಆ ಬಾಗಿಲಿಗೆ ಬೆನ್ನು ಮಾಡಿ ಅಲ್ಲಿ ಕೂರುತ್ತಾರೆ, ಎಲೆಯಡಿಕೆ ಹಾಕುತ್ತಾರೆ, ಸೊಸೆಯಂದಿರನ್ನು ಬೈಯುತ್ತಾರೆ. ಈರಣ್ಣನ ಜೊತೆ ಬಂದವರು ಹಳೆಯ ಕದದ ಫೋಟೊ ತೆಗೆಯಬೇಕೆಂದು, ಅಜ್ಜಾರ ಸ್ವಲ್ಪ ಸರೀರಿ ಎನ್ನುತ್ತಾರೆ. ಹಿರಿಯರು ನಗುತ್ತಾರೆ, ಎಲ್ಲಿಂದ ಬಂದಿರಿ, ಉಂಡಿರೇನು ಎಂದು ಕೇಳುತ್ತಾರೆ. ಸರಿಯುವುದಿಲ್ಲ.